ಸತ್ಯಾಂಶ: ಜೀಪಿನಲ್ಲಿ ಭಾರದ ಸಾಮಾನನ್ನೂ ಕಟ್ಟಲೇಬೇಕು

ಕೊಡಗಿನ ಮಾಂದಲಪಟ್ಟಿಯಂಥ ಕಡಿದಾದ ದಾರಿಗೆ ಜೀಪಿನಲ್ಲಿ ಹೊರಡುವವರಿಗೆ, ಭಾರದ ಸಾಮಾನನ್ನು ಅದರ ತೂಕವೇ ಹಿಡಿದಿಡುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರ ಕಾಳಜಿ ನಿಜವಾದದ್ದು, ಆದರೆ ಮಾತು ತಪ್ಪು. ತೂಕದೊಂದಿಗೆ ಘರ್ಷಣೆ ಹೆಚ್ಚುತ್ತದೆಯಾದರೂ, ಬ್ರೇಕ್ ಹಾಕಿದಾಗ ವಸ್ತುವನ್ನು ತಡೆಯಲು ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಭಾರದ ಪೆಟ್ಟಿಗೆಗೆ ಯಾವ ಅನುಕೂಲವೂ ಉಳಿಯುವುದಿಲ್ಲ. ಕುಲುಕಾಟದಲ್ಲಿ ಅದು ನೆಲ ಬಿಟ್ಟೆದ್ದ ಕ್ಷಣದಲ್ಲಂತೂ ಘರ್ಷಣೆಯೇ ಇರುವುದಿಲ್ಲ.

ಇದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಡಬ್ಬಗಳಲ್ಲಿ ಒಂದಕ್ಕೆ ಮರಳು ತುಂಬಿ, ಎರಡನ್ನೂ ಹಲಗೆಯ ಮೇಲಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿದರೆ, ಅವು ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ಜಾರುತ್ತವೆ.

ಜಾಕ್, ಟೂಲ್ ಪೆಟ್ಟಿಗೆ, ನೀರಿನ ಕ್ಯಾನುಗಳನ್ನು ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿಟ್ಟು, ಗಾಡಿಯ ಗಟ್ಟಿ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯಬೇಕು. ಸ್ವಲ್ಪ ದೂರ ಸಾಗಿದ ಮೇಲೆ ಪಟ್ಟಿ ಸಡಿಲವಾಗಿದೆಯೇ ಎಂದು ಇಳಿದು ನೋಡಬೇಕು.