ಸತ್ಯಾಂಶ: ಇಡೀ ಜಗತ್ತು 6 ನಿಮಿಷ ಕತ್ತಲಾಗುತ್ತದೆಯೇ?

‘2025ರ ಆಗಸ್ಟ್ 2ರಂದು ಭೂಮಿಗೆ ಭೂಮಿಯೇ 6 ನಿಮಿಷ ಕತ್ತಲಾಗುತ್ತದೆ, ಮತ್ತೆ 100 ವರ್ಷ ಹೀಗಾಗದು’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡಿತ್ತು. ಓದಿ ಹೆದರಿದವರೂ ಇದ್ದರು.

ಕ್ಯಾಲೆಂಡರ್ ನೋಡಿದ್ದರೆ ಸಾಕಿತ್ತು. ಹಗಲಲ್ಲಿ ಇಂಥ ಕತ್ತಲು ತರುವ ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು ಮಾತ್ರ. ಆ ವರ್ಷ ಭೀಮನ ಅಮಾವಾಸ್ಯೆ ಜುಲೈ 24ಕ್ಕೇ ಮುಗಿದಿತ್ತು. ಆಗಸ್ಟ್ 2ರ ಸಂಜೆ ಆಕಾಶದಲ್ಲಿ ಅರ್ಧಕ್ಕಿಂತ ಜಾಸ್ತಿ ಚಂದ್ರ ಕಾಣುತ್ತಿದ್ದ!

ನಿಜವಾದ ಗ್ರಹಣ ಇರುವುದು 2027ರ ಆಗಸ್ಟ್ 2ರಂದು. ಈಜಿಪ್ಟಿನ ಲಕ್ಸರ್ ಬಳಿ ಸೂರ್ಯ 6 ನಿಮಿಷಕ್ಕೂ ಜಾಸ್ತಿ ಹೊತ್ತು ಪೂರ್ತಿ ಮರೆಯಾಗುತ್ತಾನೆ. ಆದರೆ ಕತ್ತಲು ಕವಿಯುವುದು ಸುಮಾರು 250 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಮಾತ್ರ. ನಮ್ಮಲ್ಲಿ ಪಾರ್ಶ್ವಗ್ರಹಣ ಅಷ್ಟೆ. 100 ವರ್ಷದ ಮಾತು ಸುಮ್ನೆ ಹುಟ್ಟಿದ್ದಲ್ಲ, ತಿರುಚಿದ್ದು: ನೆಲದ ಮೇಲೆ ನಿಂತು ಇಷ್ಟು ದೀರ್ಘ ಗ್ರಹಣ ನೋಡಲು ಮುಂದೆ 2114ರವರೆಗೆ ಕಾಯಬೇಕು.

ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣ ಏಕಿಲ್ಲ? ಚಂದ್ರ ಸುತ್ತುವ ದಾರಿ ಸುಮಾರು 5 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ಹೆಚ್ಚಿನ ಸಲ ಅವನ ನೆರಳು ಭೂಮಿಯ ಮೇಲಿಂದಲೋ ಕೆಳಗಿಂದಲೋ ಹಾದುಹೋಗುತ್ತದೆ. ಸೂರ್ಯ, ಚಂದ್ರ, ಭೂಮಿ ಮೂರೂ ಒಂದೇ ಗೆರೆಗೆ ಬಂದಾಗಷ್ಟೇ ನೆರಳು ನಮ್ಮ ಮೇಲೆ ಬೀಳುತ್ತದೆ. ಭೂಮಿಯ ಎಲ್ಲೋ ಒಂದು ಕಡೆ ಸುಮಾರು 18 ತಿಂಗಳಿಗೊಮ್ಮೆ ಪೂರ್ಣ ಸೂರ್ಯಗ್ರಹಣ ಆಗುತ್ತಲೇ ಇರುತ್ತದೆ. ನಮ್ಮ ಊರಿನ ಮೇಲೇ ಆ ಪಟ್ಟಿ ಹಾಯುವುದು ಮಾತ್ರ ಅಪರೂಪ. ಅಂಕೋಲಾದವರಿಗೆ 1980ರ ಫೆಬ್ರವರಿ 16ರಂದು ಆ ಭಾಗ್ಯ ಸಿಕ್ಕಿತ್ತು. ನೋಡುವಾಗ ಗ್ರಹಣದ ಕನ್ನಡಕ ಬೇಕೇ ಬೇಕು. ಹಳೇ ಎಕ್ಸ್‌ರೇ ಫಿಲ್ಮ್ ಸಾಲದು.