ಗಾಳಿಯ ತಡೆಯನ್ನು ಕಡೆಗಣಿಸಿ

80 ಮೀಟರ್ ಎತ್ತರದ ಕಟ್ಟಡದ ಮೇಲಿನಿಂದ ಒಂದು ಕಲ್ಲನ್ನು ಕೆಳಕ್ಕೆ ಬಿಡಲಾಗಿದೆ. ಅದು ನೆಲ ಮುಟ್ಟಲು ಎಷ್ಟು ಸಮಯ ಬೇಕು ಎಂದು ಪ್ರಶ್ನೆಪತ್ರಿಕೆ ಕೇಳುತ್ತದೆ. ಕಲ್ಲು ಬಿಟ್ಟವರು ಯಾರು, ಕೆಳಗೆ ಯಾರಾದರೂ ನಿಂತಿದ್ದಾರೆಯೇ ಎಂಬ ವಿಚಾರಣೆ ಅಲ್ಲಿಲ್ಲ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ತೆಗೆದುಕೊಳ್ಳಿ, ಗಾಳಿಯ ತಡೆಯನ್ನು ಕಡೆಗಣಿಸಿ ಎಂಬ ಎರಡು ಅಪ್ಪಣೆಗಳಿವೆ, ಅಷ್ಟೆ. ಲೆಕ್ಕ ಮಾಡಿದರೆ ಉತ್ತರ ಕರಾರುವಾಕ್ಕಾಗಿ 4 ಸೆಕೆಂಡು. ಕಟ್ಟಡ 80 ಮೀಟರೇ ಏಕೆ ಎಂಬುದೂ ಆಗ ಹೊಳೆಯುತ್ತದೆ: ಎತ್ತರದ ಎರಡರಷ್ಟನ್ನು 10ರಿಂದ ಭಾಗಿಸಿದರೆ ಬರುವ 16ಕ್ಕೆ ಪೂರ್ಣಾಂಕದ ವರ್ಗಮೂಲವಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದಾರೆ. ವೃತ್ತಗಳ ತ್ರಿಜ್ಯ ಮತ್ತೆ ಮತ್ತೆ 7, 14, 21 ಎಂದು ಬರುವುದೂ 22/7ರ ಛೇದವನ್ನು ಹೊಡೆದುಹಾಕುವ ಅನುಕೂಲಕ್ಕಾಗಿಯೇ. 22/7 ಎಂಬುದು ಪೈಗಿಂತ ತುಸು ದೊಡ್ಡದೆಂದು ಆರ್ಕಿಮಿಡೀಸ್ ತೋರಿಸಿ ಎರಡು ಸಾವಿರ ವರ್ಷಗಳು ದಾಟಿದ್ದರೂ ಪ್ರಶ್ನೆಪತ್ರಿಕೆಯ ವೃತ್ತಗಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಇಂಥ ಪ್ರಶ್ನೆಗಳನ್ನು ಬಿಡಿಸಿ ಪಳಗಿದವರು, ನಡುವೆ 4.37ರಂಥ ಸಂಖ್ಯೆ ತಲೆಹಾಕಿದ ಕೂಡಲೇ ತಮ್ಮ ಮೇಲೆಯೇ ಅನುಮಾನಪಟ್ಟು ಹಿಂದಿನ ಸಾಲಿಗೆ ಮರಳುತ್ತಾರೆ. ಪರೀಕ್ಷಾ ಕೊಠಡಿಯಲ್ಲಿ ಇದು ಜಾಣತನ. ಪ್ರಯೋಗಶಾಲೆಯಲ್ಲಿ ಬರುವುದೆಲ್ಲ 4.37ರ ಬಳಗವೇ ಆದ್ದರಿಂದ ಅಲ್ಲಿ ಈ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಗಾಳಿಯ ಗೊಡವೆಯೇ ಇಲ್ಲದ ಜಾಗವೂ ಉಂಟು ಎನ್ನಿ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿಯ ಗುರುತ್ವ ವೇಗೋತ್ಕರ್ಷವನ್ನು 1.6 ಎಂದು ಹಿಡಿದರೆ ನಮ್ಮ ಕಲ್ಲು 80 ಮೀಟರ್ ಬೀಳಲು 10 ಸೆಕೆಂಡು ಬೇಕು. ಪುಣ್ಯಕ್ಕೆ ಅದೂ ಪೂರ್ಣಾಂಕವೇ.

ಭೌತಶಾಸ್ತ್ರ ತಾನು ಬಿಟ್ಟದ್ದನ್ನು ಹೇಳಿಯಾದರೂ ಬಿಡುತ್ತದೆ. ಗಣಿತಕ್ಕೆ ಆ ದಾಕ್ಷಿಣ್ಯವೂ ಇಲ್ಲ. 12 ಜನ 15 ದಿನಗಳಲ್ಲಿ ಕಟ್ಟುವ ಗೋಡೆಯನ್ನು 180 ಜನ ಒಂದೇ ದಿನದಲ್ಲಿ ಮುಗಿಸುತ್ತಾರೆ. ದಿನಕ್ಕೆ 8 ಗಂಟೆಯ ಕೆಲಸವೆಂದರೆ 1,440 ಜನ ಒಂದು ಗಂಟೆಯಲ್ಲಿ ಮುಗಿಸಬೇಕು. ಅಷ್ಟು ಜನ ಆ ಗೋಡೆಯ ಬುಡದಲ್ಲಿ ನಿಲ್ಲುವುದೆಲ್ಲಿ, ಗಾರೆ ಒಣಗುವುದು ಯಾವಾಗ ಎಂದು ವಿಲೋಮ ಅನುಪಾತ ಕೇಳುವುದಿಲ್ಲ. ರೈಲೊಂದು 360 ಕಿಲೋಮೀಟರ್ ಹೋಗುತ್ತದೆ. ವೇಗ ಗಂಟೆಗೆ 5 ಕಿಲೋಮೀಟರ್ ಹೆಚ್ಚಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ವರ್ಗಸಮೀಕರಣ ಬಿಡಿಸಿದರೆ ಮೂಲಗಳು 40 ಮತ್ತು –45. ವೇಗ ಋಣಾತ್ಮಕವಾಗಿರಲು ಸಾಧ್ಯವಿಲ್ಲ ಎಂಬ ಸಾಲನ್ನು ಬರೆದು ಎರಡನೆಯದನ್ನು ಕೈಬಿಡುತ್ತೇವೆ. ಚಿಹ್ನೆ ತೆಗೆದರೆ ಆ 45 ಹೆಚ್ಚಿಸಿದ ವೇಗವೇ ಎಂಬುದನ್ನು ಗಮನಿಸುವಷ್ಟು ಪುರಸೊತ್ತು ಆ ಹೊತ್ತಿನಲ್ಲಿ ಯಾರಿಗಿರುತ್ತದೆ!

ಅರ್ಥಶಾಸ್ತ್ರದ ಕಷ್ಟವೇ ಬೇರೆ, ಅಲ್ಲಿ ಕಡೆಗಣಿಸಬೇಕಾದದ್ದು ಮನುಷ್ಯರನ್ನು. ಬೆಲೆ ಏರಿದರೆ ಬೇಡಿಕೆ ಕುಗ್ಗುತ್ತದೆ ಎಂದಷ್ಟೇ ಬರೆದರೆ ಸಾಲದು. ಇತರ ಅಂಶಗಳು ಸ್ಥಿರವಾಗಿರುವಾಗ ಎಂಬ ಮಾತನ್ನು ಮುಂದೆ ಸೇರಿಸಬೇಕು. ಆದಾಯ, ಅಭಿರುಚಿ, ಬದಲಿ ಸರಕುಗಳ ಬೆಲೆ, ನಾಳೆ ಏನಾದೀತೋ ಎಂಬ ಆತಂಕ ಎಲ್ಲವೂ ಉತ್ತರ ಮುಗಿಯುವವರೆಗೆ ಮಿಸುಕದೆ ನಿಂತಿರಬೇಕು. ಅಷ್ಟಾದರೂ ಲೆಕ್ಕ ಒಮ್ಮೊಮ್ಮೆ ಜಾರುತ್ತದೆ. ಬೆಲೆ 10ರಿಂದ 12ಕ್ಕೆ ಏರಿ ಬೇಡಿಕೆ 100ರಿಂದ 80ಕ್ಕೆ ಇಳಿದರೆ ಎರಡೂ ಶೇ. 20ರಷ್ಟು ಬದಲಾಗಿವೆ, ಬೇಡಿಕೆಯ ಶೇಕಡಾ ಬದಲಾವಣೆಯನ್ನು ಬೆಲೆಯದರಿಂದ ಭಾಗಿಸಿದರೆ ಸಿಗುವ ಸ್ಥಿತಿಸ್ಥಾಪಕತ್ವ 1. ಅದೇ ದಾರಿಯಲ್ಲಿ ಹಿಂದಿರುಗಿ 12ರಿಂದ 10ಕ್ಕೆ ಇಳಿದರೆ ಉತ್ತರ 1.5. ಆರಂಭದ ಬೆಲೆ, ಪ್ರಮಾಣಗಳ ಬದಲು ಸರಾಸರಿಗಳನ್ನು ಆಧಾರವಾಗಿಟ್ಟುಕೊಳ್ಳುವ ಮಧ್ಯಬಿಂದು ವಿಧಾನದಲ್ಲಿ ಏರಿದರೂ ಇಳಿದರೂ ಸುಮಾರು 1.22 ಬರುತ್ತದೆ. ನನಗಂತೂ ಇದೇ ಹೆಚ್ಚು ನ್ಯಾಯವಾದ ಉತ್ತರವೆನಿಸುತ್ತದೆ. ಆದರೆ ಶೇಕಡಾವಾರು ವಿಧಾನದಿಂದ ಎಂದು ಪ್ರಶ್ನೆಯಲ್ಲೇ ಹೇಳಿದ್ದಾಗ ಇದನ್ನು ಬರೆದು ಅಂಕ ನಿರೀಕ್ಷಿಸುವಂತಿಲ್ಲ.