ಮೊಗ್ಗಿನ ಜಡೆ ಬೇಕು ಅನ್ನುವ ಮದುಮಗಳಿಗೆ

ಮುಂದಿನ ತಿಂಗಳು ಅಕ್ಕನ ಮಗಳ ಮದುವೆ. ನಿನ್ನೆ ರಾತ್ರಿ ಹದಿನೈದು ಜಡೆಗಳ ಫೋಟೋ ಕಳಿಸಿ, "ಚಿಕ್ಕಮ್ಮ, ಯಾವುದು ಚಂದ?" ಅಂತ ಕೇಳಿದ್ದಾಳೆ. ಎಲ್ಲವೂ ಚಂದವೇ. ಆದರೆ ಯಾವ ಫೋಟೋದಲ್ಲೂ ಜಡೆಯ ಭಾರ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮದುವೆ ಉಡುಪಿಯಲ್ಲೇ ಆದದ್ದು. ಕೂದಲು ತೆಳ್ಳಗೆ ಉಂಟು ಅಂತ ಎರಡು ಚೌರಿ ಸೇರಿಸಿ ಹೆಣೆದರು. ಅದರ ಮೇಲೆ ರಟ್ಟಿಗೆ ಹೊಲಿದ ಮೊಗ್ಗಿನ ಜಡೆ, ಜಡೆಬಿಲ್ಲೆ, ತುದಿಗೆ ಕುಚ್ಚು. ಜಾರಬಾರದು ಅಂತ ಹಣೆಯ ಕೂದಲನ್ನು ಹಿಂದಕ್ಕೆ ಎಳೆದು ಪಿನ್ನು ಚುಚ್ಚಿದರು. "ನೋಯ್ತದೆ" ಅಂದೆ. "ಮದುಮಗಳಿಗೆ ಅಷ್ಟು ಇರ್ತದೆ ಮಾರಾಯ್ತಿ" ಅಂದರು. ಧಾರೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ರಾತ್ರಿ ಬಿಚ್ಚಿದಾಗ ಕಿವಿಯ ಮೇಲಿನ ಚರ್ಮ ಕೆಂಪಾಗಿ ಸಣ್ಣ ಸಣ್ಣ ಗುಳ್ಳೆ ಎದ್ದಿತ್ತು. ಅಮ್ಮ ಮಾತಾಡದೆ ತೆಂಗಿನೆಣ್ಣೆ ಹಚ್ಚಿದರು.

ಅಷ್ಟು ನೋವು ಇರಬೇಕಾಗಿಲ್ಲ. ನೋಯುತ್ತದೆ ಅಂದರೆ ಕೂದಲಿನ ಬುಡ ಎಳೆಯುತ್ತಿದೆ ಅಂತಲೇ ಅರ್ಥ. ಪದೇಪದೇ ಹಾಗೆ ಎಳೆದರೆ ಹಣೆಯಂಚಿನ, ಕಿವಿಯ ಪಕ್ಕದ ಕೂದಲು ಉದುರುತ್ತದೆ. ಬೇಗ ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಮತ್ತೆ ಬಾರದೆಯೂ ಹೋಗಬಹುದು. ಮದುವೆಯ ಒಂದು ದಿನಕ್ಕಿಂತ, ಭರತನಾಟ್ಯ ಕಲಿಯುವ ಪುಟ್ಟ ಮಕ್ಕಳ ಬಗ್ಗೆ ನನಗೆ ಚಿಂತೆ ಜಾಸ್ತಿ. ಪ್ರತಿ ಕಾರ್ಯಕ್ರಮಕ್ಕೂ ಅವರಿಗೆ ಅದೇ ಚೌರಿ, ಅದೇ ಬಿಗಿ. ಮಗು ನೋವು ಅಂದರೆ ದಯವಿಟ್ಟು ಸಡಿಲ ಮಾಡಿ.

ಹಾಗಾದರೆ ಯಾವ ಜಡೆ? ನನ್ನನ್ನು ಕೇಳಿದರೆ ತನ್ನದೇ ಕೂದಲಿನ ಸಡಿಲ ಜಡೆ, ಅದಕ್ಕೆ ಸುತ್ತಿದ ಶಂಕರಪುರ ಮಲ್ಲಿಗೆ. ನಮ್ಮ ಊರಿನ ಹೂವು ಇರುವಾಗ ಬಟ್ಟೆ ಹೂವಿನ ಬಾಡಿಗೆ ಜಡೆ ಯಾಕೆ? ಬಾಳೆನಾರಿನಲ್ಲಿ ಎಷ್ಟು ಒತ್ತಾಗಿ ಕಟ್ಟುತ್ತಾರೆ ನೋಡಿ! ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200. ಮನೆಮನೆಯ ಹೆಂಗಸರು ಕೂತು ಕಟ್ಟುವ ಹೂವದು. ದರ ದಿನದಿನಕ್ಕೂ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಿ ಏರುತ್ತದೆ. ಹಾಗಾಗಿ ಈ ಹೂವು ಸಿಗುವ ಕಟಪಾಡಿ ಕಡೆ ಪರಿಚಯದವರಿದ್ದರೆ ಮೊದಲೇ ಹೇಳಿಡುವುದು ಒಳ್ಳೆಯದು. ನಡುವೆ ಒಂದೆರಡು ಸಾಲು ಅಬ್ಬಲಿಗೆ, ಅಂದರೆ ಕನಕಾಂಬರ, ಬಂದರೆ ಇನ್ನೂ ಚಂದ, ಆದರೆ ಅದು ಅವರವರ ಇಷ್ಟ.

ಇನ್ನೊಂದು ವಿಷಯ. ಈ ಮಲ್ಲಿಗೆ ಅರಳುವುದು ಸಂಜೆಗೆ. ಬೆಳಿಗ್ಗೆಯ ಮುಹೂರ್ತಕ್ಕೆ ಮುಡಿದರೆ ಧಾರೆಯ ಹೊತ್ತಿಗೆ ಬಿಳಿ ಮೊಗ್ಗಾಗಿಯೇ ಇರುತ್ತದೆ. ಅದನ್ನೇ ರಿಸೆಪ್ಷನ್ನಿಗೂ ಇಟ್ಟುಕೊಂಡರೆ ಅರಳಿ, ಬಾಡಿ, ಅಂಚು ಕಂದಾಗುತ್ತದೆ. ಸಂಜೆಗೆ ಬೇರೆ ಹೂವು ತೆಗೆದಿಡಿ. ಮಧ್ಯಾಹ್ನ ಊಟದ ನಂತರ ಜಡೆ ಬಿಚ್ಚಿ ಒಂದು ಗಂಟೆಯಾದರೂ ತಲೆಗೆ ಬಿಡುವು ಕೊಡಿ.

ಒದ್ದೆ ಕೂದಲಿಗೆ ಜಡೆ ಹಾಕಿಸಬೇಡಿ. ಒದ್ದೆ ಇದ್ದಾಗ ಕೂದಲು ಬೇಗ ತುಂಡಾಗುತ್ತದೆ. ನಮ್ಮ ಈ ಸೆಕೆಯಲ್ಲಿ, ಹೂವಿನ ಪಸೆಯೂ ಸೇರಿ, ಒಳಗೆ ಒಣಗುವುದೂ ಇಲ್ಲ. ತಲೆಸ್ನಾನ ಹಿಂದಿನ ದಿನವೇ ಆಗಲಿ. ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಜಡೆಯೊಂದಿಗೆ ಮಲಗಬೇಡಿ. ಮೊದಲು ಪಿನ್ನು ಎಣಿಸಿ ತೆಗೆಯಿರಿ, ಒಂದೆರಡು ಕೂದಲೊಳಗೇ ಉಳಿದಿರುತ್ತವೆ. ಆಮೇಲೆ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಹೋಗಿ. ಸ್ಪ್ರೇಯಿಂದ ಗಟ್ಟಿಯಾದ ಕೂದಲಿಗೆ ತಕ್ಷಣ ಬಾಚಣಿಗೆ ಹಾಕಬಾರದು. ಎಣ್ಣೆ ಹಚ್ಚಿ, ಬೆರಳಲ್ಲೇ ಸಿಕ್ಕು ಬಿಡಿಸಿ ಮಲಗಿ. ತೊಳೆಯುವುದು ಮರುದಿನ.

ಇದನ್ನೆಲ್ಲ ಬೆಳಿಗ್ಗೆ ಫೋನಿನಲ್ಲಿ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಜ್ಜಿಯ ಜಡೆಬಿಲ್ಲೆ ಆದರೂ ಹಾಕಬಹುದಾ ಚಿಕ್ಕಮ್ಮ?" ಅಂತ ಕೇಳಿದಳು. ಖಂಡಿತ ಹಾಕಬಹುದು. ಈ ಭಾನುವಾರ ಅದನ್ನು ತೆಗೆದುಕೊಂಡು ಹೋಗಿ, ಅವಳ ಕೂದಲಿಗೆ ನಾನೇ ಒಮ್ಮೆ ಕಟ್ಟಿ ನೋಡುತ್ತೇನೆ. ಮೂರು ಗಂಟೆ ಹಾಗೇ ಇಟ್ಟುಕೊಂಡು ಮನೆಯಲ್ಲಿ ಓಡಾಡಲಿ.